ಗಾಳಿ ಮಾತು: ಗುಳ್ಳೆ ಕಾಣೋವರೆಗೂ ದುಡ್ಡು ಬಿಚ್ಚಬೇಡಿ

ಓದುಗರ ಪ್ರಶ್ನೆಗಳಿಗೆ ಹಾಸನದ ಟೈರ್ ಅಂಗಡಿಯಿಂದ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು. ಟೈರು ನೋಡೋಕೆ ಚೆನ್ನಾಗಿಯೇ ಇದೆ, ಮೊಳೆ ಇಲ್ಲ, ಆದರೂ ಗಾಳಿ ನಿಲ್ಲುತ್ತಿಲ್ಲ. ಹಾಗಾಗಿ ಬ್ರೇಕು, ಬ್ಯಾಟರಿ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಈ ಸಲ ಬರೀ ಗಾಳಿ.

ನನ್ನದು ಆರು ವರ್ಷದ ಸಣ್ಣ ಕಾರು, ಟ್ಯೂಬ್‌ಲೆಸ್ ಟೈರು. ಹಿಂದಿನ ಎಡಗಡೆ ಚಕ್ರಕ್ಕೆ ಸೋಮವಾರ 33 ತುಂಬಿಸಿದರೆ ಮುಂದಿನ ಸೋಮವಾರಕ್ಕೆ 26 ಇರುತ್ತದೆ. ಒಂದು ಅಂಗಡಿಯವರು ನೀರು ಚಿಮುಕಿಸಿ "ಏನೂ ಇಲ್ಲ ಸಾರ್" ಎಂದರು. ಇನ್ನೊಬ್ಬರು ಟೈರೇ ಬದಲಾಯಿಸಿ ಎಂದರು. ಯಾರನ್ನು ನಂಬಲಿ?
— ನಿವೃತ್ತ ಮೇಷ್ಟ್ರು, ಅರಸೀಕೆರೆ

ಮೇಷ್ಟ್ರೇ, ಲೆಕ್ಕ ಬರೆದಿಟ್ಟಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ನಮ್ಮ ಅಂಗಡಿಗೆ ಬರುವವರು "ಗಾಳಿ ನಿಲ್ತಿಲ್ಲ" ಎಂದಷ್ಟೇ ಹೇಳುತ್ತಾರೆ. ಎಷ್ಟು ದಿನಕ್ಕೆ ಎಷ್ಟು ಇಳಿಯಿತು ಅಂದರೆ ಮುಖ ಮುಖ ನೋಡುತ್ತಾರೆ. ಒಳ್ಳೆಯ ಟೈರಿನಲ್ಲೂ ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ನಿಮ್ಮ 33, 26 ಅದೇ) ಗಾಳಿ ರಬ್ಬರಿನ ಒಳಗಿಂದಲೇ ಹೊರಗೆ ಹೋಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಾರಕ್ಕೆ ಏಳು, ಅದೂ ಒಂದೇ ಚಕ್ರದಲ್ಲಿ ಅಂದರೆ ಎಲ್ಲೋ ದಾರಿ ಆಗಿದೆ.

ಇಷ್ಟು ನಿಧಾನದ ಸೋರಿಕೆ ಬರೀ ನೀರು ಚಿಮುಕಿಸಿದರೆ ಕಾಣುವುದಿಲ್ಲ. ನೀರು ಜಾರಿ ಹೋಗುತ್ತದೆ. ಸೋಪು ಬೇಕು. ಒಂದೆರಡು ಚಿಕ್ಕ ಶಾಂಪೂ ಪ್ಯಾಕೆಟ್, ಅರ್ಧ ಲೋಟ ನೀರು, ಒಂದು ಹಳೆಯ ಪೇಂಟ್ ಬ್ರಶ್ ಸಾಕು. ಮೆಲ್ಲಗೆ ಕಲಸಿ, ನೊರೆ ಎಬ್ಬಿಸಬೇಡಿ. ಮೊದಲೇ ನೊರೆ ಇದ್ದರೆ ಟೈರಿನ ಗುಳ್ಳೆ ಯಾವುದು, ಶಾಂಪೂ ಗುಳ್ಳೆ ಯಾವುದು ಗೊತ್ತಾಗುವುದಿಲ್ಲ. ಪರೀಕ್ಷೆಗೆ ಮಾತ್ರ ಗಾಳಿಯನ್ನು 40ಕ್ಕೆ ಏರಿಸಿ. ಟೈರಿನ ಪಕ್ಕೆಯ ಮೇಲೆ ಗರಿಷ್ಠ ಒತ್ತಡ ಬರೆದಿರುತ್ತದೆ, ಕಾರಿನ ಟೈರಿಗೆ ಸಾಮಾನ್ಯವಾಗಿ 44 ಅಥವಾ 51. ಅದನ್ನು ದಾಟಬಾರದು. ಮುಗಿದ ಮೇಲೆ ಮತ್ತೆ 33ಕ್ಕೆ ಇಳಿಸಿ. ಓಡಿಸುವಾಗ ಇರಬೇಕಾದ ಲೆಕ್ಕ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಚೀಟಿಯಲ್ಲಿದೆ. ಟೈರಿನ ಮೇಲೆ ಇರುವುದು ಆ ಲೆಕ್ಕ ಅಲ್ಲ.

ಮೊದಲು ವಾಲ್ವ್ ನೋಡಿ. ಎಲ್ಲರೂ ಮೊಳೆ ಹುಡುಕುತ್ತಾರೆ, ವಾಲ್ವ್ ಕಡೆ ತಿರುಗಿಯೂ ನೋಡುವುದಿಲ್ಲ. ಕಾರನ್ನು ಸ್ವಲ್ಪ ಮುಂದಕ್ಕೆ ಬಿಟ್ಟು ವಾಲ್ವ್ ಚಕ್ರದ ಮೇಲ್ಭಾಗಕ್ಕೆ ಬರುವ ಹಾಗೆ ನಿಲ್ಲಿಸಿ. ಆಗ ಅದರ ಬಾಯಿ ಕೆಳಗೆ ನೋಡುತ್ತಿರುತ್ತದೆ. ಕ್ಯಾಪ್ ತೆಗೆದು, ಔಷಧಿ ಕುಡಿಯುವ ಆ ಚಿಕ್ಕ ಪ್ಲಾಸ್ಟಿಕ್ ಕಪ್ಪಿನಲ್ಲಿ ನೀರು ಹಾಕಿ, ವಾಲ್ವ್ ತುದಿ ಮುಳುಗುವ ಹಾಗೆ ಕೆಳಗಿಂದ ಹಿಡಿಯಿರಿ. ಎರಡು ನಿಮಿಷ ಅಲ್ಲಾಡಬೇಡಿ. ಗುಳ್ಳೆ ಬಂದರೆ ಒಳಗಿನ ಪಿನ್ನು ಸಡಿಲ, ಇಲ್ಲವೇ ಅದರಲ್ಲಿ ಮಣ್ಣು ಸಿಕ್ಕಿದೆ. ವಾಲ್ವ್ ಕೀಯಲ್ಲಿ ಎರಡು ಬೆರಳಿನ ಬಲ ಹಾಕಿ ತಿರುಗಿಸಿದರೆ ಸಾಕು. ನಿಲ್ಲದಿದ್ದರೆ ಪಿನ್ನು ಬದಲಾಯಿಸಿ. ಅದರ ಬೆಲೆ ಹೋಟೆಲಿನ ಒಂದು ಕಾಫಿಗಿಂತ ಕಮ್ಮಿ.

ಪಿನ್ನು ಸರಿ ಇದ್ದರೆ ವಾಲ್ವಿನ ಬುಡ. ಇಲ್ಲಿ ನನ್ನದೇ ಮರ್ಯಾದೆ ಹೋದ ಕಥೆ ಹೇಳಬೇಕು. ಮೂರು ವರ್ಷದ ಹಿಂದೆ ನನ್ನ ಕಾರಿನ ಮುಂದಿನ ಚಕ್ರದಲ್ಲೇ ಗಾಳಿ ಇಳಿಯುತ್ತಿತ್ತು. ನಾಲ್ಕು ತಿಂಗಳು! ದೀಪದ ಬುಡದಲ್ಲೇ ಕತ್ತಲೆ ಅಂತ ಮನೆಯವರು ಆಡಿಕೊಂಡರು. ಸೋಪು ಹಚ್ಚಿದೆ, ನೀರಿನ ತೊಟ್ಟಿಗೆ ಹಾಕಿದೆ, ಒಂದು ಗುಳ್ಳೆ ಇಲ್ಲ. ಕೊನೆಗೆ ಒಂದು ದಿನ ಸಿಟ್ಟಿನಲ್ಲಿ ವಾಲ್ವ್ ಹಿಡಿದು ಪಕ್ಕಕ್ಕೆ ಬಗ್ಗಿಸಿದೆ. ಬುಡದ ರಬ್ಬರಿನಲ್ಲಿ ಕೂದಲೆಳೆಯಂಥ ಸೀಳು ಬಾಯಿ ಬಿಟ್ಟಿತು, ಪುಸ್ ಅಂತ ಗುಳ್ಳೆ ಎದ್ದಿತು. ನಿಂತಾಗ ಮುಚ್ಚಿಕೊಳ್ಳುವುದು, ಚಕ್ರ ಜೋರಾಗಿ ತಿರುಗುವಾಗ ವಾಲ್ವ್ ಬಗ್ಗಿ ಬಿಟ್ಟುಕೊಳ್ಳುವುದು. ಅವತ್ತಿನಿಂದ ಯಾವ ಕಾರು ಬಂದರೂ ಸೋಪು ಹಚ್ಚಿ ವಾಲ್ವನ್ನು ನಾಲ್ಕೂ ಕಡೆ ಬಗ್ಗಿಸಿ ನೋಡುತ್ತೇನೆ. ನಿಮ್ಮದು ಆರು ವರ್ಷದ ರಬ್ಬರ್ ವಾಲ್ವ್, ನೀವೂ ನೋಡಿ. ಟೈರು ಬದಲಾಯಿಸಿದಾಗಲೆಲ್ಲ ವಾಲ್ವ್ ಕೂಡ ಹೊಸದು ಹಾಕಿಸಬೇಕು ಅನ್ನುವುದು ಇದಕ್ಕೇ.

ಆಮೇಲೆ ಟೈರಿನ ಮೈ. ನೆಲಕ್ಕೆ ಒತ್ತಿರುವ ಭಾಗ ಕಾಣುವುದಿಲ್ಲವಲ್ಲ, ಅದಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಅರ್ಧ ನೋಡಿ, ಕಾರು ಮುಂದೆ ತಳ್ಳಿ ಉಳಿದರ್ಧ ನೋಡಿ. ಹಳೆಯ ಪಂಕ್ಚರ್ ಹಾಕಿದ ಜಾಗ ಇದ್ದರೆ ಅಲ್ಲಿ ಎರಡು ಸಲ ಹಚ್ಚಿ. ಸೋಪು ಹಚ್ಚಿದ ತಕ್ಷಣ ಏನೂ ಕಾಣಲಿಲ್ಲ ಅಂತ ಎದ್ದು ಹೋಗಬೇಡಿ. ನಿಧಾನದ ಸೋರಿಕೆಯಲ್ಲಿ ದೊಡ್ಡ ಗುಳ್ಳೆ ಬರುವುದಿಲ್ಲ. ಮೊದಲು ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಎರಡು ನಿಮಿಷ ಬಿಟ್ಟರೆ ಅದರ ಪಕ್ಕ ಇನ್ನೊಂದು, ಮತ್ತೊಂದು. ಐದು ನಿಮಿಷಕ್ಕೆ ಮಲ್ಲಿಗೆ ಮೊಗ್ಗಿನಷ್ಟು ನೊರೆ ಕೂತಿರುತ್ತದೆ.

ಅಲ್ಲೂ ಇಲ್ಲ ಅಂದರೆ ಟೈರು ಮತ್ತು ಡಿಸ್ಕ್ (ಟೈರು ಕೂರುವ ಲೋಹದ ಚಕ್ರ) ಕೂಡುವ ಅಂಚು. ಹೊರಗಿನ ಅಂಚು ಎಲ್ಲರೂ ನೋಡುತ್ತಾರೆ. ಒಳಗಿನ ಅಂಚನ್ನು ಚಕ್ರ ಬಿಚ್ಚದೆ ನೋಡಲು ಆಗುವುದಿಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ. ಗುಂಡಿಗೆ ಬಿದ್ದಾಗ ಡಿಸ್ಕ್ ಸೊಟ್ಟಗಾಗುವುದು ಹೆಚ್ಚಾಗಿ ಅಲ್ಲೇ. ಚಕ್ರ ಬಿಚ್ಚಿಸಿ, ತೊಟ್ಟಿಯಲ್ಲಿ ಮುಳುಗಿಸಲು ಹೇಳಿ. ಮುಳುಗಿಸಿದ ಕೂಡಲೇ ಅಂಚಿನಲ್ಲಿ ಸಿಕ್ಕಿಕೊಂಡ ಗಾಳಿ ಬುಳುಬುಳು ಬರುತ್ತದೆ. ಅದು ಸೋರಿಕೆ ಅಲ್ಲ. ಕೈಯಲ್ಲಿ ಒರೆಸಿ ಕಾಯಬೇಕು. ನಮ್ಮಪ್ಪ ತೊಟ್ಟಿ ಪಕ್ಕ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದರು. "ಒಂದು ಬೀಡಿ ಮುಗಿಯೋವರೆಗೂ ನೋಡು, ಆಮೇಲೆ ಬಾಯಿ ಬಿಡು" ಎನ್ನುತ್ತಿದ್ದರು. ಬೀಡಿ ಬೇಡ, ಅಷ್ಟು ಹೊತ್ತು ಬೇಕು. ಕಬ್ಬಿಣದ ಡಿಸ್ಕ್ ಸೊಟ್ಟಗಾಗಿದ್ದರೆ ತಟ್ಟಿ ಸರಿ ಮಾಡಬಹುದು.

ಟೈರ್ ಬದಲಾಯಿಸಿ ಎಂದವರ ಮಾತು ಪೂರ್ತಿ ಸುಳ್ಳು ಅಂತಲೂ ಹೇಳುವುದಿಲ್ಲ. ಪಕ್ಕೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಪಕ್ಕೆಯಲ್ಲಿ ಬಿರುಕು ಕಾಣುತ್ತಿದ್ದರೆ ಬದಲಾಯಿಸುವ ಕಾಲ ಬಂದಿದೆ. ಆದರೆ ಸೋರುವ ಜಾಗ ಹುಡುಕದೆ ಹೊಸ ಟೈರು ಹಾಕಿಸಿ, ಆಮೇಲೆ ಡಿಸ್ಕಿನಲ್ಲೇ ದೋಷ ಅಂತ ಗೊತ್ತಾದರೆ? ಹೊಸ ಟೈರಿನಲ್ಲೂ ಸೋಮವಾರಕ್ಕೆ 26.

ದಾರಿಯಲ್ಲಿ ಗಾಳಿ ಕಡಿಮೆ ಅನ್ನಿಸಿ ಒಂದು ಪಂಕ್ಚರ್ ಅಂಗಡಿಗೆ ಹೋದೆ. ಟೈರ್ ಬಿಚ್ಚಿ ಹಿಂದಕ್ಕೆ ಒಯ್ದರು. ಹತ್ತು ನಿಮಿಷ ಬಿಟ್ಟು ಬಂದು "ನಾಲ್ಕು ಪಂಕ್ಚರ್ ಇದೆ ಮೇಡಂ" ಎಂದರು. ನಾಲ್ಕಕ್ಕೂ ದುಡ್ಡು ಕೊಟ್ಟೆ. ನನಗೆ ಮೋಸ ಆಯಿತಾ?
— ಓದುಗರು, ಬೆಂಗಳೂರು

ಆಗಿರಬಹುದು. ಕಣ್ಣಾರೆ ನೋಡಿಲ್ಲ, ಹಾಗಾಗಿ ಆಣೆ ಮಾಡಿ ಹೇಳಲಾರೆ. ಆದರೆ ನಮ್ಮ ಕಸುಬಿನಲ್ಲಿ ಇಂಥವರು ಇದ್ದಾರೆ, ಮುಚ್ಚಿಟ್ಟು ಏನು ಪ್ರಯೋಜನ? ಪಂಕ್ಚರಿಗೆ ಇಷ್ಟು ಅಂತ ಲೆಕ್ಕ. ತೂತು ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ. ಒಂದು ಚೂಪಾದ ದಬ್ಬಣ, ಯಾರೂ ನೋಡದ ಎರಡು ನಿಮಿಷ, ಅಷ್ಟೇ ಬೇಕಾದ್ದು.

ಇನ್ನೊಂದು ಚಾಲಾಕಿ ಇದಕ್ಕಿಂತ ನಾಜೂಕು. ಟೈರಿನ ಮೇಲೆ ಚಿಕ್ಕ ಮೊಳೆ ಕಾಣುತ್ತದೆ. ಅದು ಮೇಲಿನ ದಪ್ಪ ರಬ್ಬರಿನಲ್ಲಷ್ಟೇ ಚುಚ್ಚಿಕೊಂಡಿದೆ, ಒಳಗೆ ತಲುಪಿಲ್ಲ. "ನೋಡಿ ಮೊಳೆ" ಎಂದು ತೋರಿಸಿ, ಕೀಳುವ ನೆಪದಲ್ಲಿ ಒಳಗೆ ಒತ್ತಿದರೆ ಮುಗಿಯಿತು. ಈಗ ಅದು ನಿಜವಾದ ಪಂಕ್ಚರ್. ಅದಕ್ಕೆ ಮೊಳೆ ಮುಟ್ಟುವ ಮೊದಲು ಅದರ ಮೇಲೆ ಸೋಪು ನೀರು ಹಾಕಿಸಿ. ಗುಳ್ಳೆ ಬಂದರೆ ಪಂಕ್ಚರ್. ಬರದಿದ್ದರೆ ಮೆಲ್ಲಗೆ ಕಿತ್ತು, ಮತ್ತೊಮ್ಮೆ ಸೋಪು ಹಾಕಿ ನೋಡಿ, ಆಗಲೂ ಗುಳ್ಳೆ ಇಲ್ಲದಿದ್ದರೆ ಮುಂದೆ ಹೋಗಿ. ಚಕ್ರ ನಿಮ್ಮ ಕಣ್ಣಳತೆ ಬಿಟ್ಟು ಹೋಗಬಾರದು. ಎಷ್ಟು ತೂತು ಅಂತ ಮೊದಲು ಎಣಿಸಿ, ಆಮೇಲೆ ಕೆಲಸ ಶುರು ಮಾಡಿಸಿ. ನಾನು ಹೀಗೆ ಬರೆದರೆ ನಮ್ಮವರೇ ಕೆಲವರು ಸಿಟ್ಟಾಗುತ್ತಾರೆ. ಆಗಲಿ ಬಿಡಿ.

ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಇದ್ದರೂ ಬಹಳ ಸಲ ಗಾಳಿ ತಕ್ಷಣ ಇಳಿಯುವುದಿಲ್ಲ, ಮೊಳೆಯೇ ಬಿರಡೆಯ ಹಾಗೆ ಕೂತಿರುತ್ತದೆ. ರಸ್ತೆಯಲ್ಲಿ ಅದನ್ನು ಕೀಳಬೇಡಿ. ಗಾಳಿ ತುಂಬಿಸಿಕೊಂಡು ನಿಧಾನವಾಗಿ ನಂಬಿಕೆಯ ಅಂಗಡಿಗೆ ಹೋಗಿ.

ಈಗ ಆ ನಾಲ್ಕು ಪಂಕ್ಚರ್ ಎಲ್ಲೆಲ್ಲಿ ಹಾಕಿದ್ದಾರೆ ನೋಡಿ. ನೆಲಕ್ಕೆ ತಾಗುವ ಪಟ್ಟಿಯ ನಡುವೆ ಇದ್ದು, ತೂತು 6 ಮಿಲಿಮೀಟರಿಗಿಂತ ಸಣ್ಣದಿದ್ದರೆ ಪರವಾಗಿಲ್ಲ. ಪಕ್ಕೆಯಲ್ಲೋ ಅಂಚು ತಿರುಗುವಲ್ಲೋ ಹಾಕಿದ್ದರೆ ಆ ಟೈರನ್ನು ನಂಬಬೇಡಿ. ಅಲ್ಲಿ ರಬ್ಬರ್ ಪ್ರತಿ ಸುತ್ತಿಗೂ ಬಾಗುತ್ತದೆ, ತೇಪೆ ನಿಲ್ಲುವುದಿಲ್ಲ. ಹೊರಗಿನಿಂದ ತುರುಕುವ ದಾರದಂಥ ಸ್ಟ್ರಿಪ್ ಬೇಗ ಆಗುತ್ತದೆ, ತುರ್ತಿಗೆ ಸರಿ. ಟೈರ್ ಬಿಚ್ಚಿ ಒಳಗಿನಿಂದ ತೇಪೆ ಮತ್ತು ಬಿರಡೆ ಎರಡೂ ಸೇರಿಸಿ ಹಾಕುವುದು ಗಟ್ಟಿ ಕೆಲಸ. ಅದರಲ್ಲಿ ಇನ್ನೊಂದು ಲಾಭ ಇದೆ. ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದೆಯಾ ಅಂತ ಕಾಣುತ್ತದೆ. ಗಾಳಿ ಇಲ್ಲದೆ ಓಡಿಸಿದ ಟೈರಿನ ಪಕ್ಕೆ ಒಳಗೇ ಅರೆದು ಹೋಗಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಪುಡಿ ಕಂಡರೆ ಆ ಟೈರಿಗೆ ಮತ್ತೆ ಗಾಳಿ ಹಾಕಲೇಬೇಡಿ.

ನಮ್ಮ ಮನೆ ಕಡಲಿಗೆ ಅರ್ಧ ಕಿಲೋಮೀಟರ್. ಕಾರಿಗೆ ಅಲಾಯ್ ಚಕ್ರ. ಒಂದಲ್ಲ, ಮೂರು ಚಕ್ರದಲ್ಲಿ ಹದಿನೈದು ದಿನಕ್ಕೆ ಐದಾರು ಪಿಎಸ್‌ಐ ಇಳಿಯುತ್ತದೆ. ಪಂಕ್ಚರ್ ಇಲ್ಲ, ವಾಲ್ವ್ ಹೊಸದು.
— ಓದುಗರು, ಉಡುಪಿ

ಟೈರ್ ಬಿಚ್ಚಿಸಿ ನೋಡಿ. ಅಲಾಯ್ ಮೇಲೆ ಟೈರು ಕೂರುವ ಜಾಗದಲ್ಲಿ ಬಿಳಿ ಪುಡಿ, ಎದ್ದ ಬಣ್ಣದ ಹೊಪ್ಪಳೆ ಸಿಗುತ್ತದೆ ಅಂತ ನನ್ನ ಊಹೆ. ಘಟ್ಟದ ಕೆಳಗಿನಿಂದ ಬರುವ ಕಾರುಗಳಲ್ಲಿ ಇದನ್ನು ನೋಡಿ ನೋಡಿ ಅಭ್ಯಾಸವಾಗಿದೆ. ಅಲಾಯ್ ಅಂದರೆ ಹೆಚ್ಚಿನಂಶ ಅಲ್ಯೂಮಿನಿಯಂ. ಬಣ್ಣದಲ್ಲಿ ಒಂದು ಗೀರು ಬಿದ್ದರೆ ಉಪ್ಪು ಗಾಳಿ ಅಲ್ಲಿಂದ ಒಳಗೆ ಸೇರಿ, ಬಣ್ಣದ ಕೆಳಗೆ ಪುಡಿ ಕಟ್ಟುತ್ತದೆ. ಪುಡಿ ಉಬ್ಬಿ ಬಣ್ಣವನ್ನು ಮೇಲೆತ್ತುತ್ತದೆ. ಟೈರು ಆ ಉಬ್ಬುತಗ್ಗಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ಜಾರುತ್ತದೆ. ಕಬ್ಬಿಣದ ಡಿಸ್ಕಿನಲ್ಲಿ ತುಕ್ಕು ಇದೇ ಕೆಲಸ ಮಾಡುತ್ತದೆ.

ಮಾಡಬೇಕಾದ್ದು ಇಷ್ಟು. ತಂತಿ ಬ್ರಶ್‌ನಲ್ಲಿ ಸುತ್ತಲೂ ಉಜ್ಜಿ, ನಯವಾದ ಉಪ್ಪುಕಾಗದ ಹಾಕಿ, ಬೆರಳಿಟ್ಟು ಸವರಿದರೆ ಎಲ್ಲೂ ತಡೆಯಬಾರದು. ಟೈರಿನ ಅಂಚಿಗೆ ಅಂಟಿದ ಪುಡಿಯನ್ನೂ ಒರೆಸಬೇಕು, ಇದನ್ನೇ ಮರೆಯುತ್ತಾರೆ. ಆಮೇಲೆ ಬೀಡ್ ಸೀಲರ್ ಎಂಬ ಕಪ್ಪು ಅಂಟನ್ನು ತೆಳ್ಳಗೆ ಹಚ್ಚಿ ಟೈರ್ ಕೂರಿಸಬೇಕು. ಬರೀ ಅಂಟು ಬಳಿದು, ಉಜ್ಜುವ ಕೆಲಸ ತಪ್ಪಿಸುವವರಿದ್ದಾರೆ. ಎದುರಿಗೇ ನಿಂತುಕೊಳ್ಳಿ. ಗುಳಿ ಬಿದ್ದಷ್ಟು ತಿಂದು ಹೋಗಿದ್ದರೆ ಆ ಚಕ್ರಕ್ಕೆ ಹೊಸದಾಗಿ ಬಣ್ಣ ಹೊಡೆಸುವುದು ಒಳ್ಳೆಯದು.

ವಾಲ್ವ್ ಹೊಸದು ಎಂದಿರಿ. ಅಂದಕ್ಕೆ ಅಂತ ಲೋಹದ ಕ್ಯಾಪ್ ಹಾಕಿದ್ದರೆ ತೆಗೆದು ಪ್ಲಾಸ್ಟಿಕ್ ಹಾಕಿ. ನಿಮ್ಮ ಕಡಲ ಗಾಳಿಗೆ ಅದು ವಾಲ್ವಿಗೇ ಕಚ್ಚಿಕೊಂಡು, ತಿರುಗಿಸಿದರೆ ವಾಲ್ವೇ ಮುರಿಯುತ್ತದೆ. ಚಕ್ರದೊಳಗೆ ಒತ್ತಡ ತೋರಿಸುವ ಸೆನ್ಸರ್ ಇರುವ ಅಲ್ಯೂಮಿನಿಯಂ ವಾಲ್ವಾದರೆ ಹಿತ್ತಾಳೆಯ ಮಾಮೂಲಿ ಪಿನ್ನು ಹಾಕಿಸಬೇಡಿ, ನಿಕ್ಕಲ್ ಲೇಪದ್ದೇ ಕೇಳಿ. ಉಪ್ಪು ಸೇರಿದರೆ ಹಿತ್ತಾಳೆಗೂ ಅಲ್ಯೂಮಿನಿಯಂಗೂ ಒಂದಕ್ಕೊಂದು ಆಗಿಬರುವುದಿಲ್ಲ.

ಚಳಿಗಾಲದಲ್ಲಿ ಬೆಳಿಗ್ಗೆ ಕಾರು ಶುರು ಮಾಡಿದರೆ ಟೈರ್ ಎಚ್ಚರಿಕೆ ದೀಪ ಬರುತ್ತದೆ. ಹತ್ತು ಕಿಲೋಮೀಟರ್ ಹೋದರೆ ಆರುತ್ತದೆ. ಸೆನ್ಸರ್ ಹಾಳಾಗಿದೆಯೇ?
— ಓದುಗರು, ಮಡಿಕೇರಿ

ಸೆನ್ಸರ್ ಸರಿಯಾಗಿಯೇ ಹೇಳುತ್ತಿದೆ. ತಾಪಮಾನ ಸುಮಾರು ಆರು ಡಿಗ್ರಿ ಇಳಿದರೆ ಟೈರಿನಲ್ಲಿ ಒಂದು ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನ 28 ಡಿಗ್ರಿಯಲ್ಲಿ ತುಂಬಿಸಿ, ಬೆಳಗಿನ ಜಾವ 13 ಡಿಗ್ರಿಗೆ ಬಂದರೆ ಎರಡೂವರೆ ಪಿಎಸ್‌ಐ ಹೋಯಿತು. ಓಡಿಸಿದಾಗ ಟೈರು ಬಿಸಿಯಾಗಿ ಮತ್ತೆ ಏರುತ್ತದೆ, ದೀಪ ಆರುತ್ತದೆ. ಆದರೆ ಈ ದೀಪ ಸಾಮಾನ್ಯವಾಗಿ ಇರಬೇಕಾದ್ದಕ್ಕಿಂತ ಕಾಲು ಪಾಲಿನಷ್ಟು ಕಡಿಮೆಯಾದಾಗ ಹತ್ತುವುದು. 33 ಇರಬೇಕಾದಲ್ಲಿ 25, 26. ಚಳಿಯೊಂದೇ ಅಷ್ಟು ಇಳಿಸಲಾರದು. ನಿಮ್ಮ ಯಾವುದೋ ಟೈರು ಮೊದಲೇ 28ರ ಸುಮಾರಿನಲ್ಲಿದೆ. ಬೆಳಿಗ್ಗೆ, ಕಾರು ಅಲ್ಲಾಡಿಸುವ ಮೊದಲು ನಾಲ್ಕನ್ನೂ ಅಳೆಯಿರಿ. ನಾಲ್ಕೂ ಒಂದೇ ಸಮ ಕಮ್ಮಿ ಇದ್ದರೆ ತುಂಬಿಸಿ ಸುಮ್ನೆ ಇರಿ. ಒಂದೇ ಕಮ್ಮಿ ಇದ್ದರೆ ಮೇಷ್ಟ್ರಿಗೆ ಬರೆದ ಉತ್ತರ ಓದಿ.

ಘಟ್ಟದವರಿಗೆ ಇನ್ನೊಂದು ಮಾತು. ಮಡಿಕೇರಿಯಲ್ಲಿ 33 ತುಂಬಿಸಿ ಮಂಗಳೂರಿಗೆ ಇಳಿದು ಅಳೆದರೆ, ಬಿಸಿಲಿನ ಲೆಕ್ಕ ಬಿಟ್ಟು, ಗೇಜು ಸುಮಾರು ಎರಡು ಪಿಎಸ್‌ಐ ಕಡಿಮೆ ತೋರಿಸುತ್ತದೆ. ಹೊರಗಿನ ಗಾಳಿಯ ಒತ್ತಡ ಕಡಲ ಮಟ್ಟದಲ್ಲಿ ಜಾಸ್ತಿ, ಅದಕ್ಕೆ. ಅದನ್ನು ಸೋರಿಕೆ ಎಂದುಕೊಂಡು ಒಬ್ಬರು ನಮ್ಮಲ್ಲಿ ಮೂರು ಸಲ ಚಕ್ರ ಬಿಚ್ಚಿಸಿದ್ದರು.

ನೈಟ್ರೋಜನ್ ತುಂಬಿಸಿದರೆ ಸೋರಿಕೆ ನಿಲ್ಲುತ್ತದೆಯೇ?
— ಓದುಗರು, ದಾವಣಗೆರೆ

ಇಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ತೂತು ಇದ್ದರೆ ಎರಡೂ ಹೋಗುತ್ತವೆ. ಬಂಕಿನಲ್ಲಿ ಗಾಳಿ ಪುಕ್ಕಟೆ ಸಿಗುತ್ತದೆ.

ಪಂಕ್ಚರ್ ಮುಚ್ಚಲು ಟೈರಿನೊಳಗೆ ಹಾಕುವ ಜೆಲ್ ಒಳ್ಳೆಯದೇ? ನಮ್ಮೂರಿನಲ್ಲಿ ಒಬ್ಬರು ಜೆಲ್ ಬೇಡ, ಟ್ಯೂಬ್ ಹಾಕಿಬಿಡಿ ಎನ್ನುತ್ತಾರೆ.
— ಓದುಗರು, ಚನ್ನರಾಯಪಟ್ಟಣ

ಊರು ಸೇರಲು ಜೆಲ್ ಆಗಬಹುದು. ಮನೆಗೆ ಬಂದ ಮೇಲೆ ರಿಪೇರಿ ಮಾಡಿಸಿ, ಒಳಗೆಲ್ಲ ತೊಳೆಸಿ. ಹಾಗೇ ಬಿಟ್ಟರೆ ಜೆಲ್ ಒಂದು ಕಡೆ ಕೂತು ಚಕ್ರ ನಡುಗುತ್ತದೆ, ಸೆನ್ಸರ್ ಇದ್ದರೆ ಅದರ ಬಾಯಿ ಮುಚ್ಚುತ್ತದೆ. ಜೆಲ್ ಹಾಕಿದ ಟೈರ್ ಬಿಚ್ಚುವಾಗ ನಮ್ಮ ಹುಡುಗರು ಬಯ್ಯುವುದನ್ನು ನೀವು ಕೇಳಬೇಕು. ಅಂಚಿನಲ್ಲೋ ವಾಲ್ವಿನಲ್ಲೋ ಸೋರುತ್ತಿದ್ದರೆ ಜೆಲ್ ಅಲ್ಲಿಗೆ ತಲುಪುವುದೂ ಕಷ್ಟ. ಟ್ಯೂಬ್ ಅಂತೂ ಬೇಡ. ಟ್ಯೂಬ್‌ಲೆಸ್ ಟೈರಿನ ಒಳಮೈ ಟ್ಯೂಬಿಗಾಗಿ ಮಾಡಿದ್ದಲ್ಲ, ಉಜ್ಜಿ ಬಿಸಿಯಾಗುತ್ತದೆ. ಮೇಲಾಗಿ ಟ್ಯೂಬ್ ಒಡೆದರೆ ಗಾಳಿ ಒಂದೇ ಸಲಕ್ಕೆ ಹೋಗುತ್ತದೆ. ನಿಧಾನವಾಗಿ ಇಳಿಯುವುದೇ ಟ್ಯೂಬ್‌ಲೆಸ್ ಟೈರಿನ ದೊಡ್ಡ ಗುಣ, ಅದನ್ನೇ ಕಳೆದುಕೊಂಡ ಹಾಗಾಯಿತು.

ಗುಂಡಿಗೆ ಬಿದ್ದು ಅಲಾಯ್ ಚಕ್ರದ ಒಳಭಾಗ ಬಿರುಕು ಬಿಟ್ಟಿದೆ. ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುತ್ತಾರೆ.
— ಓದುಗರು, ತುಮಕೂರು

ವೆಲ್ಡಿಂಗ್ ಮಾಡಿದರೆ ಗಾಳಿ ನಿಲ್ಲಬಹುದು. ಬಿಸಿ ತಾಗಿದ ಸುತ್ತಲಿನ ಲೋಹದ ಬಲ ಮೊದಲಿನಷ್ಟು ಇರುವುದಿಲ್ಲ. ನೂರರ ವೇಗದಲ್ಲಿ ಹೆದ್ದಾರಿಯಲ್ಲಿ ಹೋಗುವ ಚಕ್ರ ಅದು. ನಾನಾದರೆ ಬೇರೆ ಚಕ್ರ ಕೊಳ್ಳುತ್ತೇನೆ.

ಮಗ ಅಮೆರಿಕದಲ್ಲಿದ್ದಾನೆ. ಅವನ ಕಾರು ಇಲ್ಲಿ ನಿಂತು ಏಳು ತಿಂಗಳಾಯಿತು. ನಮಗಿಬ್ಬರಿಗೂ ಓಡಿಸಲು ಬರುವುದಿಲ್ಲ. ನೋಡಿದರೆ ಎರಡು ಟೈರು ನೆಲಕ್ಕೆ ಕೂತಿವೆ. ಮುಂದಿನ ತಿಂಗಳು ಅವನು ಬರುತ್ತಾನೆ. ಟೈರೆಲ್ಲ ಹೋಯಿತು ಅಂತ ಇವರಿಗೆ ಚಿಂತೆ.
— ಓದುಗರು, ಚಿಕ್ಕಮಗಳೂರು

ಅಮ್ಮಾ, ಯಜಮಾನರಿಗೆ ಸಮಾಧಾನ ಹೇಳಿ. ಏಳು ತಿಂಗಳಿಗೆ ಗಟ್ಟಿ ಟೈರೂ ಹತ್ತು ಹನ್ನೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಅದರ ಜೊತೆ ಒಂದು ಸಣ್ಣ ಸೋರಿಕೆ ಸೇರಿದರೆ ಪೂರ್ತಿ ಕೂರುತ್ತದೆ. ಕಾರನ್ನು ಹಾಗೇ ತಳ್ಳಬೇಡಿ, ತಳ್ಳಿದರೆ ಪಕ್ಕೆ ಮುರಿಯುತ್ತದೆ. ಮನೆಗೇ ಬಂದು ಗಾಳಿ ಹಾಕುವವರನ್ನು ಕರೆಸಿ. ಜಾಕಿ ಹಾಕಿ ಎತ್ತಿ, ಆಮೇಲೆ ತುಂಬಿಸಲಿ. ಅಂಚು ಡಿಸ್ಕಿನಿಂದ ಬಿಟ್ಟುಕೊಂಡಿದ್ದರೆ ಸಣ್ಣ ಪಂಪಿನಲ್ಲಿ ಹಿಡಿಯುವುದಿಲ್ಲ, ಚಕ್ರ ಬಿಚ್ಚಿ ಅಂಗಡಿಗೆ ಒಯ್ಯಲಿ. ಪಕ್ಕೆ ಒಳಗೂ ಹೊರಗೂ ಒಮ್ಮೆ ನೋಡಲಿ.

ತುಂಬಿಸಿದ ದಿನದ ಲೆಕ್ಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹಾಲಿನ ಲೆಕ್ಕದ ಪಕ್ಕದಲ್ಲೇ. ಮುಂದಿನ ಎಡ ಇಷ್ಟು, ಮುಂದಿನ ಬಲ ಇಷ್ಟು, ಹಾಗೆ. ಒಂದು ವಾರ ಬಿಟ್ಟು ಅಳೆಸಿ. ಯಾವುದು ಇಳಿದಿದೆಯೋ ಅದಕ್ಕೆ ಸೋಪು ಹಚ್ಚಿಸಿ, ಉಳಿದವನ್ನು ಮುಟ್ಟಬೇಡಿ. ಮಗ ಬಂದು ಹೆದ್ದಾರಿಗೆ ಹೋಗುವ ಮೊದಲು ಮೆಲ್ಲಗೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಲಿ. ಒಂದೇ ಕಡೆ ನಿಂತು ಚಪ್ಪಟೆಯಾದ ಟೈರು ಮೊದಲು ಗುಡುಗುಡು ಅನ್ನುತ್ತದೆ, ಬಿಸಿಯಾದ ಮೇಲೆ ಸಾಮಾನ್ಯವಾಗಿ ಸರಿ ಹೋಗುತ್ತದೆ. ಆಮೇಲೂ ನಡುಗಿದರೆ ತೋರಿಸಲಿ.

ಗಾಳಿ ಹಾಕುವವರು ಬಂದಾಗ ಡಿಕ್ಕಿ ತೆಗೆಸಿ, ಮ್ಯಾಟ್ ಎತ್ತಿಸಿ, ಸ್ಟೆಪ್ನಿಗೂ ಹಾಕಿಸಿಕೊಳ್ಳಿ. ಅದರಲ್ಲೂ ಗಾಳಿ ಇರುವುದಿಲ್ಲ.